ಕಲ್ಲು ನೆಡುವ ಮೊದಲು: ಊರಂಚಿನ ಹೊಲ ಉಳಿಸಲು ಹೊರಟವರಿಗೆ ಅನುಭವದ ಪಾಠಗಳು

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ, ಇವುಗಳ ನಡುವೆ ಯಾವ ದಾರಿ ಹಿಡಿದರೂ ಈಗ ಊರಿಗಿಂತ ಮೊದಲು ಒಂದು ಕಮಾನು ಸಿಗುತ್ತದೆ. ಕಮಾನಿನ ಮೇಲೆ ದೇವರ ಹೆಸರಿನ ನಗರ, ಅದರ ಹಿಂದೆ ಸಾಲು ಸಾಲು ಬಣ್ಣ ಬಳಿದ ಕಲ್ಲು, ಕಲ್ಲುಗಳ ನಡುವೆ ಜಾಲಿಗಿಡ. ಮನೆ ಒಂದೋ ಎರಡೋ. 1997ರಲ್ಲಿ ಕೊಪ್ಪಳ ರಾಯಚೂರಿನಿಂದ ಬೇರೆಯಾಗಿ ಜಿಲ್ಲೆಯಾದ ಮೇಲೆ ಇಲ್ಲಿ ಹೆದ್ದಾರಿ ಅಗಲವಾಯಿತು, ಗಿಣಿಗೇರಾದಿಂದ ಗಂಗಾವತಿಗೆ ರೈಲು ಬಂತು, 2025ರ ಮೇ ತಿಂಗಳಲ್ಲಿ ಕುಷ್ಟಗಿಗೂ ಬಂತು. ಭಾನಾಪುರದ ಹತ್ತಿರ ಆಟಿಕೆ ಕ್ಲಸ್ಟರ್ ಎಂದರು, ಅಂಜನಾದ್ರಿ ಬೆಟ್ಟಕ್ಕೆ ಬಜೆಟ್ಟಿನಲ್ಲಿ ನೂರು ಕೋಟಿ ಎಂದರು. ಪ್ರತಿ ಸುದ್ದಿಯ ಬೆನ್ನಿಗೆ ರಸ್ತೆ ಬದಿಯ ಎಕರೆಯ ಬೆಲೆ ಏರಿತು. 2020ರ ಭೂಸುಧಾರಣಾ ತಿದ್ದುಪಡಿಯಿಂದ ಬೇಸಾಯಗಾರರಲ್ಲದವರೂ ಹೊಲ ಕೊಳ್ಳುವಂತಾದ ಮೇಲಂತೂ ಹೊಲದ ಬದುವಿನ ಮೇಲೆ ನಿಂತು ಫೋನಿನಲ್ಲಿ ದರ ಹೇಳುವವರ ಸಂಖ್ಯೆ ಹೆಚ್ಚಿದೆ.

ಇಂಥ ಲೇಔಟುಗಳಿಗೆ ತಕರಾರು ಅರ್ಜಿ ಬರೆಯುವುದರಲ್ಲಿ, ನಕ್ಷೆ ತೆಗೆಸುವುದರಲ್ಲಿ, ಗ್ರಾಮಸಭೆಯಲ್ಲಿ ಎದ್ದು ನಿಲ್ಲುವುದರಲ್ಲಿ ಹಲವು ಊರಿನವರ ಜೊತೆ ನಾನು ಕೆಲಸ ಮಾಡಿದ್ದೇನೆ. ಗೆದ್ದದ್ದಕ್ಕಿಂತ ಸೋತದ್ದು ಹೆಚ್ಚು. ಆ ಕೆಲಸದಿಂದ ಕಲಿತದ್ದನ್ನು, ಮುಂದೆ ಇದೇ ದಾರಿಯಲ್ಲಿ ಹೋಗುವವರಿಗೆ ನೆರವಾಗಲಿ ಎಂದು ಇಲ್ಲಿ ಬರೆಯುತ್ತಿದ್ದೇನೆ.

1. ಮನೆ ಬೇಡ ಎನ್ನಬೇಡಿ; ಮನೆ ಎಲ್ಲಿ ಎಂದು ಹೇಳಿ

ಊರಿನವರು ಸೇರಿ ‘ನಮ್ಮೂರಿಗೆ ಲೇಔಟು ಬೇಡ’ ಎಂದು ಠರಾವು ಬರೆಯುವಾಗ ಹಿಂದಿನ ಸಾಲಿನಿಂದ ಒಬ್ಬ ಹೆಣ್ಣುಮಗಳು ಕೇಳಿದ ಮಾತು ಇದು: ‘ಯಣ್ಣಾ, ನಿಮಗ ಹಿತ್ತಲ ಐತಿ, ಕಣ ಐತಿ. ನಮ್ಮನ್ಯಾಗ ಮೂರು ಮಂದಿ ಗಂಡಮಕ್ಳು, ಒಂದ ಪಡಸಾಲಿ. ನಾವೆಲ್ಲಿ ಹೋಗೂಣು?’ ಆ ಪ್ರಶ್ನೆಗೆ ಉತ್ತರವಿಲ್ಲದ ವಿರೋಧ ನಿಲ್ಲುವುದಿಲ್ಲ, ನಿಲ್ಲಲೂಬಾರದು.

ಆದ್ದರಿಂದ ಮೊದಲ ಕೆಲಸ, ಊರಲ್ಲಿ ಮನೆಯಿಲ್ಲದವರ ಪಟ್ಟಿ. ಎರಡನೆಯದು, ಗಾಂವಠಾಣದ ಒಳಗೂ ಅಂಚಿಗೂ ಖಾಲಿ ಬಿದ್ದ ಜಾಗದ ಪಟ್ಟಿ: ಹಂಚಿಕೆಯಾಗಿ ಕಟ್ಟದೆ ಬಿಟ್ಟ ನಿವೇಶನ, ಬಿದ್ದ ಮನೆ, ಬೆಳೆ ಬಾರದ ಎತ್ತರದ ಗರಸು ನೆಲ. ಈ ಎರಡೂ ಪಟ್ಟಿ ಅರ್ಜಿಗೆ ಲಗತ್ತಾಗಿದ್ದರೆ ಅಧಿಕಾರಿ ಓದುವ ರೀತಿಯೇ ಬೇರೆಯಾಗುತ್ತದೆ. ಲೇಔಟಿನ ಪ್ಲಾಟು ಕೊಳ್ಳುವವರಲ್ಲಿ ಆ ಊರಿನ ಮನೆಯಿಲ್ಲದವರು ಬಹಳ ಕಡಿಮೆ ಎಂಬುದೂ ಆಗ ಕಾಗದದ ಮೇಲೆ ಕಾಣುತ್ತದೆ.

2. ಕಲ್ಲು ನೆಡುವ ಮೊದಲು ಏಳಬೇಕು

ಒಂದೇ ಪಾಠ ನೆನಪಿಟ್ಟುಕೊಳ್ಳಿ ಎಂದರೆ ಇದನ್ನು ಹೇಳುತ್ತೇನೆ. ಊರು ಎಚ್ಚರವಾಗುವುದು ಸಾಮಾನ್ಯವಾಗಿ ಜೆಸಿಬಿ ಬಂದು ಬದು ಕಿತ್ತು ಮೊರಂ ಹಾಸಿದ ದಿನ. ಅಷ್ಟರಲ್ಲಿ ಅರ್ಧ ಪ್ಲಾಟಿಗೆ ಮುಂಗಡ ಬಂದಿರುತ್ತದೆ. ಕೊಟ್ಟವರು ಯಾರು? ಪಕ್ಕದೂರಿನ ಶಾಲೆಯ ಮೇಷ್ಟ್ರು, ಬಸ್ ಕಂಡಕ್ಟರ್, ಬೆಂಗಳೂರಿನಲ್ಲಿ ಗಾರೆ ಕೆಲಸ ಮಾಡಿ ಕಂತಿನಲ್ಲಿ ಹಣ ಕಟ್ಟುತ್ತಿರುವ ನಿಮ್ಮದೇ ಬೀಗರು. ಆಮೇಲೆ ನಿಮ್ಮ ಜಗಳ ಡೆವಲಪರ್ ಜೊತೆ ಉಳಿಯುವುದಿಲ್ಲ. ಅವನು ದುಡ್ಡು ಎಣಿಸಿಕೊಂಡು ಮುಂದಿನ ಊರಿಗೆ ಹೋಗಿರುತ್ತಾನೆ. ಜಗಳ ನಿಮ್ಮಂಥದೇ ಬಡವರ ಜೊತೆ ಶುರುವಾಗುತ್ತದೆ. ಅಂಥ ಜಗಳದಲ್ಲಿ ಯಾವ ಅಧಿಕಾರಿಯೂ ಯಾವ ನ್ಯಾಯಾಲಯವೂ ಮನಸ್ಸು ಗಟ್ಟಿ ಮಾಡುವುದು ಕಷ್ಟ.

ಮುನ್ಸೂಚನೆಗಳು ಇರುತ್ತವೆ, ನೋಡುವವರು ಬೇಕು. ಚಹಾದಂಗಡಿಯಲ್ಲಿ ಹೊಸ ಮುಖ ಕೂತು ‘ರೋಡ್ ಟಚ್ ಜಮೀನು ಐತೇನ್ರಿ’ ಎಂದು ಕೇಳುವುದು ಒಂದು. ಅಕ್ಕಪಕ್ಕದ ಮೂರ್ನಾಲ್ಕು ಸರ್ವೆ ನಂಬರಿನ ಹೊಲಗಳನ್ನು ಒಬ್ಬನೇ ಇಸಾರ ಮಾಡಿಕೊಳ್ಳುವುದು ಇನ್ನೊಂದು. ಬಿತ್ತುವ ಹಂಗಾಮಿನಲ್ಲಿ ಒಳ್ಳೆಯ ಎರೆ ಹೊಲ ಬೀಳು ಬಿಟ್ಟಿದ್ದರೆ, ಹದ್ದಬಸ್ತಿಗೆ ಭೂಮಾಪಕರು ಬಂದು ಹೋದರೆ ಹೋಗಿ ವಿಚಾರಿಸಿ. ಪಹಣಿಯನ್ನು ಸರ್ವೆ ನಂಬರ್ ಹಾಕಿ ಭೂಮಿ ತಂತ್ರಾಂಶದಲ್ಲಿ ಯಾರು ಬೇಕಾದರೂ ನೋಡಬಹುದು. ಒಂಬತ್ತನೇ ಕಾಲಂನಲ್ಲಿ ಹೆಸರು ಬದಲಾಗಿದೆಯೇ ಎಂದು ತಿಂಗಳಿಗೊಮ್ಮೆ ನೋಡುವ ಕೆಲಸವನ್ನು ಊರಿನ ಓದಿದ ಹುಡುಗ ಹುಡುಗಿಯರಿಗೆ ಒಪ್ಪಿಸಿ. ಕುಷ್ಟಗಿ ಕಡೆಯ ಒಂದು ಊರಿನಲ್ಲಿ ಪಿಯುಸಿ ಓದುವ ತಂಗಿಯೊಬ್ಬಳು ಹೀಗೆ ನೋಡಿ ಹೇಳಿದ್ದರಿಂದಲೇ ಪರಿವರ್ತನೆಯ ಅರ್ಜಿ ಕಚೇರಿಯಲ್ಲಿ ಇರುವಾಗಲೇ ನಮ್ಮ ತಕರಾರು ಅಲ್ಲಿಗೆ ತಲುಪಿತು. ಆ ಹೊಲದಲ್ಲಿ ಇಂದಿಗೂ ಸಜ್ಜೆ ಬೆಳೆಯುತ್ತಾರೆ.

3. ಮಾತಿಗಿಂತ ಮೊದಲು ಗ್ರಾಮನಕ್ಷೆ

‘ಹಚ್ಚಹಸಿರಿನ ಹೊಲ ಹಾಳಾಗುತ್ತದೆ’ ಎಂದು ಬರೆದರೆ ಅರ್ಜಿ ಕಡತದ ತಳಕ್ಕೆ ಹೋಗುತ್ತದೆ. ‘ಗ್ರಾಮನಕ್ಷೆಯಂತೆ ಈ ಸರ್ವೆ ನಂಬರಿನ ಉತ್ತರಕ್ಕೆ ಹಳ್ಳ ಇದೆ, ಲೇಔಟಿನ ನಕ್ಷೆಯಲ್ಲಿ ಆ ಹಳ್ಳವನ್ನು ತೋರಿಸಿಲ್ಲ, ಅದರ ಮೇಲೆ ರಸ್ತೆ ಗುರುತಿಸಿದ್ದಾರೆ’ ಎಂದು ಬರೆದರೆ ಯಾರಾದರೂ ಉತ್ತರ ಕೊಡಲೇಬೇಕು.

ಹಳೆಯ ಗ್ರಾಮನಕ್ಷೆ ಭೂಮಾಪನ ಇಲಾಖೆಯ ಜಾಲತಾಣದಲ್ಲಿ ಸಿಗುತ್ತದೆ. ಅದರಲ್ಲಿ ಹಳ್ಳ, ಕೆರೆ, ಬಂಡಿದಾರಿ, ಕಾಲುದಾರಿ, ಸ್ಮಶಾನ ಎಲ್ಲ ಗೆರೆಯಾಗಿ ನಿಂತಿವೆ. ಮೊಬೈಲಿನಲ್ಲಿ ದಿಶಾಂಕ್ ಆ್ಯಪ್ ತೆರೆದು ಹೊಲದಲ್ಲಿ ನಿಂತರೆ ನೀವು ನಿಂತ ಸರ್ವೆ ನಂಬರ್ ತೋರಿಸುತ್ತದೆ. ಎರಡನ್ನೂ ಹೋಲಿಸಿ. ಪಹಣಿಯಲ್ಲಿ ಖರಾಬು ಎಷ್ಟು, ಅದರಲ್ಲಿ ‘ಬಿ’ ಖರಾಬು ಎಷ್ಟು ನೋಡಿ. ಬಿ ಖರಾಬು ಎಂದರೆ ದಾರಿ, ಹಳ್ಳ, ಸ್ಮಶಾನದಂಥ ಸಾರ್ವಜನಿಕ ಬಳಕೆಯ ನೆಲ. ಅದನ್ನು ಹೊಲದ ಒಡೆಯ ಮಾರಲಾರ, ಕೊಂಡವನು ಪ್ಲಾಟು ಮಾಡಲಾರ. ಊರಿನ ಸಾಮೂಹಿಕ ನೆಲದ ಒತ್ತುವರಿ ತೆರವು ಮಾಡಿಸಬೇಕೆಂದು ಸುಪ್ರೀಂ ಕೋರ್ಟ್ 2011ರ ಜನವರಿಯಲ್ಲಿ ಜಗ್ಪಾಲ್ ಸಿಂಗ್ ಪ್ರಕರಣದಲ್ಲಿ ಎಲ್ಲ ರಾಜ್ಯಗಳಿಗೂ ಹೇಳಿದೆ. ಈ ತೀರ್ಪಿನ ಹೆಸರು ಅರ್ಜಿಯಲ್ಲಿ ಇರಲಿ.

ನಮ್ಮ ಕಡೆ ಹಳ್ಳದ ವಿಷಯ ಬಿಡಿಸಿ ಹೇಳಬೇಕು. ಯಲಬುರ್ಗಾ, ಕುಕನೂರಿನ ಎರೆ ಸೀಮೆಯ ಹಳ್ಳ ವರ್ಷದ ಬಹುಪಾಲು ಒಣಗಿರುತ್ತದೆ. ಹೊರಗಿನಿಂದ ಬಂದವರ ಕಣ್ಣಿಗೆ ಅದು ತಗ್ಗು, ಅಷ್ಟೆ. ನಾಲ್ಕು ಟಿಪ್ಪರ್ ಮೊರಂ ಸುರಿದರೆ ಮಟ್ಟ. ಆದರೆ ಎರೆ ಮಣ್ಣು ನೀರು ಕುಡಿದು ತುಂಬಿದ ಮೇಲೆ ಬಿದ್ದ ಮಳೆ ಇಂಗುವುದಿಲ್ಲ, ಹಿಂಗಾರಿನ ಒಂದೇ ರಾತ್ರಿಯ ಮಳೆಗೆ ಅದೇ ತಗ್ಗಿನಲ್ಲಿ ಎದೆಮಟ್ಟ ನೀರು ಹರಿಯುತ್ತದೆ. ಮುಚ್ಚಿದ ಹಳ್ಳದ ನೀರು ಮೊದಲು ನುಗ್ಗುವುದು ತಗ್ಗಿನ ಕೇರಿಗೆ. ಹಳ್ಳದ ಬೆಲೆ ಈ ಜಿಲ್ಲೆಗೆ ಗೊತ್ತಿಲ್ಲವೆಂದಲ್ಲ. 2019ರಲ್ಲಿ ಗವಿಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿಯವರು ಮುಂದೆ ನಿಂತಾಗ ಜನ ಸಾವಿರಾರು ಸಂಖ್ಯೆಯಲ್ಲಿ ಬಂದು ಹಿರೇಹಳ್ಳವನ್ನು ಇಪ್ಪತ್ತಕ್ಕೂ ಹೆಚ್ಚು ಕಿಲೋಮೀಟರ್ ಉದ್ದ ಸ್ವಚ್ಛ ಮಾಡಿದರು. ಕುಷ್ಟಗಿ ಹತ್ತಿರದ ನಿಡಶೇಸಿ ಕೆರೆಯ ಹೂಳನ್ನೂ ಜನರೇ ಎತ್ತಿದರು. ಹಾಗೆ ಬೆವರು ಸುರಿಸಿದ ಜನರ ಊರಿನಲ್ಲೇ, ಹಿರೇಹಳ್ಳಕ್ಕೆ ಸೇರುವ ಸಣ್ಣ ಹಳ್ಳಗಳು ಸದ್ದಿಲ್ಲದೆ ಪ್ಲಾಟಿನ ಕೆಳಗೆ ಹೋಗುತ್ತಿವೆ. ಇದನ್ನು ನೋಡಿ ಸುಮ್ಮನಿರಲು ನನ್ನಿಂದ ಆಗುವುದಿಲ್ಲ.

4. ಯಾವ ಕಚೇರಿಯಲ್ಲಿ ಯಾವ ಕಾಗದ ಎಂದು ತಿಳಿದುಕೊಳ್ಳಿ

ಊರಿನವರು ಮೊದಲು ಪಿಡಿಒ ಬಳಿ ಹೋಗಿ ಜಗಳ ಮಾಡುತ್ತಾರೆ. ನಿರ್ಧಾರ ಅಲ್ಲಿ ಆಗಿರುವುದಿಲ್ಲ. ಹೊಲವನ್ನು ಬೇಸಾಯೇತರ ಬಳಕೆಗೆ ತಿರುಗಿಸುವುದು, ನಮ್ಮ ಕಡೆ ‘ಎನ್ಎ ಮಾಡಿಸೋದು’ ಎನ್ನುತ್ತಾರಲ್ಲ ಅದು, 1964ರ ಭೂಕಂದಾಯ ಕಾಯ್ದೆಯ 95ನೇ ಕಲಂ ಪ್ರಕಾರ ಸಾಮಾನ್ಯವಾಗಿ ಜಿಲ್ಲಾಧಿಕಾರಿಗಳ ಕೆಲಸ. ಪ್ಲಾಟು, ರಸ್ತೆ, ಉದ್ಯಾನದ ವಿನ್ಯಾಸಕ್ಕೆ ಒಪ್ಪಿಗೆ ಕೊಡುವುದು ಯೋಜನಾ ಪ್ರಾಧಿಕಾರ ಅಥವಾ ನಗರ ಯೋಜನೆ ಇಲಾಖೆ. ಪಂಚಾಯಿತಿಯ ನಮೂನೆ 9, ನಮೂನೆ 11 ಇವೆಲ್ಲ ಆಮೇಲಿನ ಮಾತು. ಪರಿವರ್ತನೆಯ ನಿಯಮಗಳು ಈಚಿನ ವರ್ಷಗಳಲ್ಲಿ ಪದೇ ಪದೇ ಬದಲಾಗಿವೆ, ಬಹುಪಾಲು ಬದಲಾವಣೆಗಳು ಅರ್ಜಿದಾರನಿಗೆ ದಾರಿ ಸಲೀಸು ಮಾಡಿವೆ. ಅದಕ್ಕೇ ವಿಳಂಬ ಮಾಡಬೇಡಿ.

ನಗರದ ಮಾಸ್ಟರ್ ಪ್ಲಾನಿನೊಳಗೆ ನಿಮ್ಮ ಊರು ಸೇರಿದೆಯೇ ಎಂದು ಮೊದಲು ತಿಳಿಯಿರಿ. ಸೇರಿದ್ದರೆ, ಕರಡು ಪ್ರಕಟವಾದಾಗ ಆಕ್ಷೇಪಣೆ ಸಲ್ಲಿಸುವ ಅವಕಾಶವಿದೆ. ಅದು ತಪ್ಪಿದರೆ ಮುಂದಿನ ಹಲವು ವರ್ಷಗಳಿಗೆ ನಿಮ್ಮ ಹೊಲದ ಬಣ್ಣ ನಕ್ಷೆಯಲ್ಲಿ ನಿಶ್ಚಯವಾಗಿಬಿಡುತ್ತದೆ. ಹಸಿರು ಬಣ್ಣದ ಕೃಷಿ ವಲಯವನ್ನು ವಾಸದ ಹಳದಿಗೆ ಬದಲಿಸಲು ಯಾರಾದರೂ ಕೇಳಿದರೆ, 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 14-ಎ ಕಲಂ ಪ್ರಕಾರ ಪತ್ರಿಕೆಯಲ್ಲಿ ಪ್ರಕಟಿಸಿ ಆಕ್ಷೇಪಣೆ ಕರೆಯಬೇಕು. ಆ ಪ್ರಕಟಣೆ ಒಳಪುಟದಲ್ಲಿ ಸಣ್ಣ ಅಕ್ಷರದಲ್ಲಿರುತ್ತದೆ. ಊರಿನ ಗ್ರಂಥಾಲಯಕ್ಕೆ ಬರುವ ಪೇಪರಿನಲ್ಲಿ ಅದನ್ನು ಹುಡುಕುವ ಒಬ್ಬರು ಇರಲಿ.

ಕಡತ ನೋಡಲು 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಶುಲ್ಕ ಹತ್ತು ರೂಪಾಯಿ, ಉತ್ತರಕ್ಕೆ ಮೂವತ್ತು ದಿನ. ಕೇಳಬೇಕಾದದ್ದು: ಪರಿವರ್ತನೆಯ ಆದೇಶ, ಅದಕ್ಕೆ ಲಗತ್ತಿಸಿದ ಇಲಾಖೆಗಳ ಅಭಿಪ್ರಾಯ, ಸ್ಥಳ ಪರಿಶೀಲನೆಯ ವರದಿ, ಅನುಮೋದಿತ ನಕ್ಷೆ. ವರದಿಯಲ್ಲಿ ‘ಹಳ್ಳ ಇಲ್ಲ, ದಾರಿ ಇಲ್ಲ’ ಎಂದು ಬರೆದಿದ್ದರೆ ನಿಮ್ಮ ಗ್ರಾಮನಕ್ಷೆಯನ್ನು ಅದರ ಪಕ್ಕದಲ್ಲಿಡಿ.

ನೂರು ಜನ ಸಹಿ ಮಾಡಿದ ಒಂದು ಅರ್ಜಿಗಿಂತ ಬೇರೆ ಬೇರೆ ಇಪ್ಪತ್ತು ಅರ್ಜಿ ಭಾರ. ದಾರಿ ಹೋಗುವವನು ದಾರಿಯ ಬಗ್ಗೆ ಬರೆಯಲಿ, ಕುರಿಗಾರ ಮೇವಿನ ನೆಲದ ಬಗ್ಗೆ, ಪಕ್ಕದ ಹೊಲದವಳು ನೀರಿನ ಬಗ್ಗೆ. ಪ್ರತಿಯೊಬ್ಬರೂ ಸ್ವೀಕೃತಿ ಮುದ್ರೆ ಹಾಕಿಸಿಕೊಂಡು ಬರಬೇಕು.

5. ಗಂಗಾವತಿಯಲ್ಲಿ ಕಾಲುವೆಯ ಕೊನೆ ಭಾಗದ ರೈತನನ್ನು ಮುಂದೆ ತನ್ನಿ

ನೀರಾವರಿ ಸೀಮೆಯ ವಿಷಯ ಬೇರೆ. ಮುನಿರಾಬಾದಿನ ಅಣೆಕಟ್ಟೆಯಿಂದ ಎಡದಂಡೆ ಕಾಲುವೆ ಹೊರಟು ಗಂಗಾವತಿ, ಕಾರಟಗಿಯನ್ನು ದಾಟಿ ರಾಯಚೂರು ಜಿಲ್ಲೆಯವರೆಗೆ ಹೋಗುತ್ತದೆ. ಅದಕ್ಕೂ ಹಳೆಯವು ಆನೆಗೊಂದಿ, ಗಂಗಾವತಿ ಸುತ್ತಲಿನ ವಿಜಯನಗರ ಕಾಲದ ಕಾಲುವೆಗಳು. ಅವು ಇಂದಿಗೂ ಗದ್ದೆಗೆ ನೀರುಣಿಸುತ್ತಿವೆ. ಇಲ್ಲಿ ತೂಬಿನ ಹತ್ತಿರದ ಗದ್ದೆ ಲೇಔಟಾದರೆ ನಷ್ಟ ಆ ಗದ್ದೆಯಷ್ಟೇ ಅಲ್ಲ. ಅದರ ಬದುವಿನಲ್ಲಿ ಹಾದುಹೋಗುವ ಹೊಲಗಾಲುವೆ ಪೈಪಿನೊಳಗೆ ಹೋಗುತ್ತದೆ ಅಥವಾ ಮುಚ್ಚಿಹೋಗುತ್ತದೆ. ಕೆಳಗಿನ ಹತ್ತಾರು ಗದ್ದೆಗೆ ಸರದಿಯ ನೀರು ತಲುಪುವುದಿಲ್ಲ. ಮೇಲಾಗಿ ಬಚ್ಚಲ ನೀರು, ಶೌಚದ ನೀರು ಬಂದು ಬೀಳುವುದು ಅದೇ ಕಾಲುವೆಗೆ. ಒಳಚರಂಡಿ ಎಂದು ನಕ್ಷೆಯಲ್ಲಿ ಬರೆದ ಗೆರೆ ಎಷ್ಟೋ ಲೇಔಟುಗಳಲ್ಲಿ ಕಾಲುವೆಯ ದಂಡೆಯಲ್ಲೇ ಮುಗಿದಿದೆ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟು ಕೊಚ್ಚಿಹೋದಾಗ ಇಡೀ ಸೀಮೆ ನಿದ್ದೆಗೆಟ್ಟಿತು. ಹೂಳು ತುಂಬಿ 133 ಟಿಎಂಸಿಯಿಂದ ಸುಮಾರು 105 ಟಿಎಂಸಿಗೆ ಇಳಿದ ಜಲಾಶಯ ಅದು. ಅಷ್ಟು ಕಷ್ಟದ ನೀರು ತಲುಪಬೇಕಾದ ಒಳ್ಳೆಯ ಗದ್ದೆಯ ಮೇಲೆ ಕಲ್ಲು ನೆಡುವುದು ಅನ್ಯಾಯ. ಅಚ್ಚುಕಟ್ಟಿನ ನೆಲದ ಪರಿವರ್ತನೆಗೆ ನೀರಾವರಿ ಇಲಾಖೆಯ ಅಭಿಪ್ರಾಯ ಕೇಳುತ್ತಾರೆ. ಆದ್ದರಿಂದ ನಿಮ್ಮ ತಕರಾರಿನ ಪ್ರತಿ ಅಲ್ಲಿಗೂ ಹೋಗಬೇಕು. ಸಹಿ ಮಾಡುವವರಲ್ಲಿ ಮೊದಲಿಗರು ಕೊನೆ ಭಾಗದ ರೈತರಾಗಿರಬೇಕು. ಲೇಔಟಿನ ಪಕ್ಕದವನಿಗೆ ಮುಂದೆ ತನ್ನ ಗದ್ದೆಯನ್ನೂ ಒಳ್ಳೆಯ ಬೆಲೆಗೆ ಮಾರುವ ಆಸೆ ಹುಟ್ಟಬಹುದು. ಕೊನೆಯವನಿಗೆ ನೀರಿಲ್ಲದೆ ಬೇರೆ ದಾರಿಯಿಲ್ಲ, ಅವನು ಕೊನೆಯವರೆಗೂ ನಿಲ್ಲುತ್ತಾನೆ.

6. ವಿರೂಪಾಪುರ ಗಡ್ಡಿಯಿಂದ ಕಲಿಯಿರಿ

ವಿರೂಪಾಪುರ ಗಡ್ಡಿ ಹಂಪಿಯ ಎದುರಿಗೆ ತುಂಗಭದ್ರಾ ನದಿಯಲ್ಲಿರುವ ನಡುಗಡ್ಡೆ; ನಮ್ಮ ಜಿಲ್ಲೆಯಲ್ಲೇ ಕಾನೂನು ಗೆದ್ದ ದೊಡ್ಡ ಪ್ರಕರಣ ಅಲ್ಲಿಯದು. ಹಂಪಿ 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿತು. 1999ರಲ್ಲಿ ಅಪಾಯದಲ್ಲಿರುವ ತಾಣವೆಂದು ಗುರುತಾಗಿ 2006ರವರೆಗೆ ಆ ಪಟ್ಟಿಯಲ್ಲಿ ಉಳಿಯಿತು. 2002ರ ಕಾಯ್ದೆಯಿಂದ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರ ಬಂತು. ನದಿಯ ಎರಡೂ ದಂಡೆಯ 29 ಹಳ್ಳಿ, 236 ಚದರ ಕಿಲೋಮೀಟರ್ ಅದರ ವ್ಯಾಪ್ತಿ. ಆನೆಗೊಂದಿ, ಸಾಣಾಪುರ ಇವೆಲ್ಲ ಅದರೊಳಗೆ. ಇಷ್ಟಿದ್ದರೂ ಗಡ್ಡಿಯ ಗದ್ದೆಗಳಲ್ಲಿ ರೆಸಾರ್ಟು, ಹೋಟೆಲು ಒಂದೊಂದಾಗಿ ಎದ್ದವು. ನೋಟಿಸು, ದಾವೆ, ತಡೆಯಾಜ್ಞೆ ಎಂದು ವರ್ಷಗಳು ಹೋದವು. 2015ರಲ್ಲಿ ಹೈಕೋರ್ಟ್ ಅವುಗಳ ವಿರುದ್ಧ ತೀರ್ಪು ಕೊಟ್ಟಿತು. 2020ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಮಾರ್ಚ್‌ನಲ್ಲಿ ಜೆಸಿಬಿಗಳು ಗಡ್ಡಿಗೆ ಬಂದವು.

ಇದರಿಂದ ಎರಡು ಮಾತು. ಕಾನೂನು ಗಟ್ಟಿಯಿದ್ದರೆ ಕೊನೆಗೆ ಉಳಿಯುತ್ತದೆ. ಆದರೆ ತಡವಾಗಿ ಬಂದ ನ್ಯಾಯದ ಪೆಟ್ಟು ಬೀಳುವುದು ಮಾಲೀಕನಿಗಿಂತ ಹೆಚ್ಚಾಗಿ ಅಲ್ಲಿ ಪಾತ್ರೆ ತೊಳೆದವಳಿಗೆ, ಬೈಕು ಬಾಡಿಗೆ ಕೊಟ್ಟವನಿಗೆ, ದೋಣಿಯವನಿಗೆ. ಮೊದಲ ಗುಡಿಸಲು ಎದ್ದಾಗಲೇ ತಡೆದಿದ್ದರೆ ಇಷ್ಟು ಜನ ಬೀದಿಗೆ ಬೀಳುತ್ತಿರಲಿಲ್ಲ.

ಇನ್ನೊಂದು ಮಾತನ್ನೂ ಹೇಳಲೇಬೇಕು. ಪ್ರಾಧಿಕಾರದ ವ್ಯಾಪ್ತಿಯ ಹಳ್ಳಿಗರು ‘ನಮ್ಮ ಮನೀಗೆ ಮ್ಯಾಲ ಒಂದು ಖೋಲಿ ಕಟ್ಟಾಕ ಆಗಲ್ಲ, ಹೊರಗಿನವ್ರು ಹೋಂಸ್ಟೇ ಕಟ್ತಾರ’ ಎಂದು ಹೇಳುವುದನ್ನು ನಾನು ಬಹಳ ಸಲ ಕೇಳಿದ್ದೇನೆ. ಈ ಸಿಟ್ಟು ನ್ಯಾಯವಾದದ್ದು. ಊರವರ ಸಣ್ಣ ಅಗತ್ಯಕ್ಕೆ ಅಡ್ಡ ಬರುವ ನಿಯಮವನ್ನು ಊರವರು ಕಾಯುವುದಿಲ್ಲ. ಅಂಜನಾದ್ರಿ ಸುತ್ತ ಭೂಮಿಗೆ ಬೇಡಿಕೆ ಏರುತ್ತಿರುವ ಈ ಹೊತ್ತಿನಲ್ಲಿ, ವಾಸಕ್ಕೆ ಕೋಣೆ ಕಟ್ಟುವ ರೈತನ ಅರ್ಜಿ ಬೇಗ ತೀರ್ಮಾನವಾಗಬೇಕು, ಗದ್ದೆಯಲ್ಲಿ ರೆಸಾರ್ಟು ಕಟ್ಟುವವನ ಕೆಲಸ ಮೊದಲ ದಿನವೇ ನಿಲ್ಲಬೇಕು ಎಂದು ಕೇಳುವುದು ನಮ್ಮ ಬೇಡಿಕೆಯ ಭಾಗವಾಗಬೇಕು.

7. ಮಾರುವ ರೈತನ ಮೇಲೆ ಹರಿಹಾಯಬೇಡಿ

‘ನಮ್ಮ ಹೊಲ ನಾವು ಮಾರ್ತೀವ್ರಿ, ನಿಮಗೇನಾತು?’ ಇದಕ್ಕೆ ಸಿಟ್ಟಿನ ಉತ್ತರ ಕೊಟ್ಟ ಕಡೆಯೆಲ್ಲ ಊರು ಎರಡಾಗಿದೆ. ಬತ್ತಿದ ಬೋರಿನ ಮೇಲಿನ ಸಾಲ, ಮಗಳ ಮದುವೆ, ಆಸ್ಪತ್ರೆಯ ಬಿಲ್ಲು, ಅಣ್ಣತಮ್ಮಂದಿರ ಪಾಲು, ಇವುಗಳಲ್ಲಿ ಒಂದು ಇಲ್ಲದೆ ಎರೆ ಹೊಲ ಮಾರುವವರನ್ನು ನಾನು ಹೆಚ್ಚು ನೋಡಿಲ್ಲ. ಕೆಲವೊಮ್ಮೆ ಪಕ್ಕದ ರೈತನೇ ಕೊಳ್ಳುವಂತೆ ಮಾಡಲು ಆಗುತ್ತದೆ. ಕೆಲವೊಮ್ಮೆ ಲಾವಣಿಗೆ ಕೊಟ್ಟು ಸಾಲಕ್ಕೆ ದಾರಿ ಮಾಡಬಹುದು. ಎಷ್ಟೋ ಸಲ ಯಾವ ದಾರಿಯೂ ಇರುವುದಿಲ್ಲ, ಅವನು ಮಾರುತ್ತಾನೆ. ಆಗಲೂ ಅವನ ಮನೆಯ ಮದುವೆಗೆ ಹೋಗಿ. ಮಾರುವುದು ಅವನ ಹಕ್ಕು. ಮಾರಿದ ಮೇಲೆ ಅಲ್ಲಿ ಹಳ್ಳ ಮುಚ್ಚುವುದು ಯಾರ ಹಕ್ಕೂ ಅಲ್ಲ. ನಮ್ಮ ತಕರಾರು ಇಷ್ಟಕ್ಕೇ ಎಂದು ಅವನಿಗೆ ಮನೆಗೆ ಹೋಗಿ ಹೇಳಿ ಬನ್ನಿ.

8. ಠರಾವು ಪುಸ್ತಕದಲ್ಲಿ ಬರೆಯುವವರೆಗೂ ಏಳಬೇಡಿ

ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕು. ಅಲ್ಲಿ ಕೂಗಿದ್ದು ಉಳಿಯುವುದಿಲ್ಲ, ನಡಾವಳಿ ಪುಸ್ತಕದಲ್ಲಿ ಬರೆದದ್ದು ಉಳಿಯುತ್ತದೆ. ಠರಾವು ಬರೆಸಿ, ಓದಿಸಿ, ನಕಲು ಪಡೆದು ಎದ್ದುಬನ್ನಿ.

9. ದೊಡ್ಡ ಹೋರಾಟದ ದಾರಿ ಇಲ್ಲಿ ಪೂರ್ತಿ ನಡೆಯದು

2011ರಲ್ಲಿ ಪಕ್ಕದ ಗದಗ ಜಿಲ್ಲೆಯ ಹಳ್ಳಿಗುಡಿಯವರು ತೋಂಟದ ಸಿದ್ಧಲಿಂಗ ಸ್ವಾಮೀಜಿಯವರ ಬೆಂಬಲದಿಂದ ಪೋಸ್ಕೊ ಕಾರ್ಖಾನೆಯನ್ನು ವಾಪಸು ಕಳಿಸಿದರು. 2025ರ ಫೆಬ್ರುವರಿ 24ರಂದು ಬಲ್ಡೋಟಾ ಉಕ್ಕಿನ ಕಾರ್ಖಾನೆಯ ವಿಸ್ತರಣೆ ವಿರುದ್ಧ ಇಡೀ ಕೊಪ್ಪಳ ಬಂದ್ ಆಯಿತು. ಅದೇ ವರ್ಷದ ಜುಲೈನಲ್ಲಿ ದೇವನಹಳ್ಳಿಯ ಚನ್ನರಾಯಪಟ್ಟಣ ಹೋಬಳಿಯ ರೈತರು 1,777 ಎಕರೆ ಸ್ವಾಧೀನ ಕೈಬಿಡುವಂತೆ ಮಾಡಿದರು. ಇವು ನಮಗೆಲ್ಲ ಧೈರ್ಯ ಕೊಟ್ಟ ಹೋರಾಟಗಳು.

ಆದರೆ ಅಲ್ಲಿ ಎದುರಿಗೆ ಒಂದೇ ಹೆಸರಿತ್ತು, ಒಂದೇ ಆದೇಶವಿತ್ತು. ಲೇಔಟು ಹಾಗಲ್ಲ. ಇಂದು ಇಲ್ಲಿ ನಾಲ್ಕೆಕರೆ, ನಾಳೆ ಅಲ್ಲಿ ಏಳೆಕರೆ, ಪ್ರತಿಯೊಂದಕ್ಕೂ ಬೇರೆ ಬೇರೆ ಮಾಲೀಕ, ಅದರಲ್ಲಿ ಒಬ್ಬಿಬ್ಬರು ನಿಮ್ಮದೇ ಪಂಚಾಯಿತಿಯ ಸದಸ್ಯರ ಸಂಬಂಧಿಕರು. ಯಾವ ದಿನ ಬಂದ್ ಕರೆಯುವುದು? ಇಲ್ಲಿ ಬೇಕಾದದ್ದು ವರ್ಷಗಟ್ಟಲೆ ಕಾಗದದ ಮೇಲೆ ಕಣ್ಣಿಡುವ ಐದಾರು ಜನ. ಅವರಲ್ಲಿ ಅರ್ಧದಷ್ಟು ಹೆಂಗಸರಿರಲಿ. ನೀರು ತರುವವರು, ಮೇವು ಕೊಯ್ಯುವವರು ಅವರೇ ಆದ್ದರಿಂದ ಮುಚ್ಚಿದ ದಾರಿ ಮೊದಲು ತಿಳಿಯುವುದು ಅವರಿಗೆ.

10. ಸೋತರೂ ಷರತ್ತು ಬಿಡಬೇಡಿ

ಒಪ್ಪಿಗೆ ಸಿಕ್ಕಿಬಿಟ್ಟಿತು ಎನ್ನೋಣ. ಕೆಲಸ ಮುಗಿಯಲಿಲ್ಲ. ಅನುಮೋದನೆಯ ಆದೇಶದಲ್ಲಿ ಷರತ್ತುಗಳಿರುತ್ತವೆ: ರಸ್ತೆಯ ಅಗಲ, ಚರಂಡಿ, ಉದ್ಯಾನದ ಜಾಗ, ನೀರಿನ ಮೂಲ, ಕೊಳಚೆ ಎಲ್ಲಿಗೆ. ಆದೇಶದ ನಕಲು ಹಿಡಿದು ಒಂದೊಂದನ್ನೂ ಸ್ಥಳದಲ್ಲಿ ನೋಡಿ, ಆಗದಿದ್ದರೆ ಫೋಟೊ ಸಮೇತ ಬರೆಯಿರಿ. 500 ಚದರ ಮೀಟರ್‌ಗಿಂತ ದೊಡ್ಡ ಜಾಗದ ಲೇಔಟು ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದಲ್ಲಿ (ರೇರಾ) ನೋಂದಣಿಯಾಗಿರಬೇಕು. ಆಗದೆ ಮಾರುತ್ತಿದ್ದರೆ ದೂರು ಕೊಡಬಹುದು. ಯಲಬುರ್ಗಾ ಕಡೆಯ ಒಂದು ಲೇಔಟನ್ನು ತಡೆಯಲು ನಮ್ಮಿಂದ ಆಗಲಿಲ್ಲ. ಆದರೆ ಹಳ್ಳದ ಎರಡೂ ಬದಿ ಜಾಗ ಬಿಡಿಸಿದೆವು, ಬಂಡಿದಾರಿ ತೆರೆಸಿದೆವು. ಸುಗ್ಗಿಯಲ್ಲಿ ಕಡಲೆ ಹೊಟ್ಟಿನ ಟ್ರ್ಯಾಕ್ಟರು ಇಂದೂ ಅದೇ ದಾರಿಯಲ್ಲಿ ಬರುತ್ತದೆ.

ಕೊನೆಯದಾಗಿ, ಪ್ಲಾಟು ಕೊಳ್ಳಲು ಹೊರಟವರಿಗೆ ಒಂದು ವಿನಂತಿ. ನಿಮ್ಮ ದುಡ್ಡು ಕಷ್ಟದ ದುಡ್ಡು. ಮುಂಗಡ ಕೊಡುವ ಮೊದಲು ಮೂರು ಕಾಗದ ಕೇಳಿ: ಪರಿವರ್ತನೆಯ ಆದೇಶ, ಅನುಮೋದಿತ ವಿನ್ಯಾಸ ನಕ್ಷೆ, ರೇರಾ ನೋಂದಣಿ ಸಂಖ್ಯೆ. ಆಮೇಲೆ ಆ ಊರಿನ ಗ್ರಾಮನಕ್ಷೆ ತೆಗೆದು, ನಿಮಗೆ ತೋರಿಸಿದ ಪ್ಲಾಟಿನ ಕೆಳಗೆ ಹಳ್ಳದ ಗೆರೆ ಇದೆಯೇ ನೋಡಿ. ಇದ್ದರೆ ಕೊಳ್ಳಬೇಡಿ, ಮತ್ತು ಆ ಊರಿನವರಿಗೆ ತಿಳಿಸಿ.